ಆರೋಗ್ಯವಂತರ ಬಾಯಿಯಲ್ಲಿನ ಯೀಸ್ಟ್‌ಗಳು

ಆರೋಗ್ಯವಂತರ ಬಾಯಿಯಲ್ಲಿನ ಯೀಸ್ಟ್‌ಗಳು ಎಂದರೆ ಯಾವುದೇ ರೋಗಲಕ್ಷಣವಿಲ್ಲದ ವ್ಯಕ್ತಿಗಳ ನಾಲಿಗೆ, ಕೆನ್ನೆಯ ಒಳಪದರ, ಅಂಗುಳ, ಹಲ್ಲು ಮತ್ತು ಲಾಲಾರಸದಲ್ಲಿ ನೆಲೆಸಿರುವ ಏಕಕೋಶೀಯ ಶಿಲೀಂಧ್ರಗಳು. ಇವುಗಳಲ್ಲಿ ಬಹುಪಾಲು ಕ್ಯಾಂಡಿಡಾ ಕುಲಕ್ಕೆ ಸೇರಿದವು; ಅದರಲ್ಲೂ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಪ್ರಭೇದ ಪ್ರಮುಖವಾದುದು. ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ 100ರಲ್ಲಿ 30ರಿಂದ 50 ಮಂದಿಯ ಬಾಯಿಯಲ್ಲಿ ಈ ಯೀಸ್ಟ್‌ಗಳು ಕಂಡುಬರುತ್ತವೆ. ಹೀಗೆ ರೋಗವಿಲ್ಲದೆ ಸೂಕ್ಷ್ಮಜೀವಿಯನ್ನು ಹೊತ್ತಿರುವ ಸ್ಥಿತಿಯನ್ನು ವಾಹಕತ್ವ ಎನ್ನುತ್ತಾರೆ. ವಾಹಕತ್ವವು ರೋಗವಲ್ಲ ಮತ್ತು ಅದಕ್ಕೆ ಔಷಧಿ ಬೇಕಾಗುವುದಿಲ್ಲ. ಆದರೆ ದೇಹದ ರಕ್ಷಣಾ ವ್ಯವಸ್ಥೆ ಕುಂದಿದಾಗ ಅಥವಾ ಬಾಯಿಯ ಪರಿಸರ ಬದಲಾದಾಗ ಇದೇ ಯೀಸ್ಟ್ ಕ್ಯಾಂಡಿಡೋಸಿಸ್ ಎಂಬ ಸೋಂಕನ್ನು ಉಂಟುಮಾಡಬಲ್ಲದು.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯಂತಹ ಪ್ರದೇಶಗಳಲ್ಲಿ ಎಲೆಯಡಿಕೆ ಮತ್ತು ಬೀಡಿಯ ಬಳಕೆ ಹಳೆಯದು. ಇಲ್ಲಿ ಬಾಯಿಯ ಸಹಜ ಯೀಸ್ಟ್, ಯೀಸ್ಟ್‌ನಿಂದಾದ ರೋಗ ಮತ್ತು ಯೀಸ್ಟ್‌ಗೆ ಸಂಬಂಧಿಸದ ಇತರ ಬಿಳಿ ಕಲೆಗಳು, ಈ ಮೂರರ ನಡುವಿನ ವ್ಯತ್ಯಾಸವನ್ನು ತಿಳಿದಿರುವುದು ವಿಶೇಷವಾಗಿ ಅಗತ್ಯ.

## ಯೀಸ್ಟ್‌ಗಳ ಸ್ವರೂಪ

ಯೀಸ್ಟ್‌ಗಳು ಶಿಲೀಂಧ್ರ ಸಾಮ್ರಾಜ್ಯಕ್ಕೆ ಸೇರಿದ ಏಕಕೋಶ ಜೀವಿಗಳು. ಇವು ಬ್ಯಾಕ್ಟೀರಿಯಾಗಳಲ್ಲ. ಯೀಸ್ಟ್ ಕೋಶದಲ್ಲಿ ಪೊರೆಯಿಂದ ಆವೃತವಾದ ಕೋಶಕೇಂದ್ರವಿದೆ. ಈ ವಿಷಯದಲ್ಲಿ ಅದು ಮಾನವನ ಕೋಶವನ್ನೇ ಹೋಲುತ್ತದೆ. ಶಿಲೀಂಧ್ರನಾಶಕ ಔಷಧಿಗಳ ಸಂಖ್ಯೆ ಬ್ಯಾಕ್ಟೀರಿಯಾನಾಶಕಗಳಿಗಿಂತ ಬಹಳ ಕಡಿಮೆ ಇರುವುದಕ್ಕೆ ಈ ಹೋಲಿಕೆಯೇ ಮುಖ್ಯ ಕಾರಣ. ಕ್ಯಾಂಡಿಡಾ ಆಲ್ಬಿಕನ್ಸ್‌ನ ದುಂಡಗಿನ ಕೋಶದ ಅಡ್ಡಳತೆ ಸುಮಾರು 4ರಿಂದ 6 ಮೈಕ್ರೋಮೀಟರ್. ಬಾಯಿಯಲ್ಲಿರುವ ಬಹುತೇಕ ಬ್ಯಾಕ್ಟೀರಿಯಾಗಳು ಒಂದು ಮೈಕ್ರೋಮೀಟರ್ ಆಸುಪಾಸಿನಲ್ಲಿರುತ್ತವೆ. ಆದ್ದರಿಂದ ಸಂಖ್ಯೆಯಲ್ಲಿ ಅತ್ಯಲ್ಪವಾಗಿದ್ದರೂ ಗಾತ್ರದಲ್ಲಿ ಯೀಸ್ಟ್‌ಗಳು ದೊಡ್ಡವು.

ಯೀಸ್ಟ್ ಮೊಗ್ಗೊಡೆಯುವ ಮೂಲಕ ವೃದ್ಧಿಯಾಗುತ್ತದೆ. ತಾಯಿ ಕೋಶದ ಬದಿಯಲ್ಲಿ ಸಣ್ಣ ಉಬ್ಬು ಮೂಡಿ, ಬೆಳೆದು, ಬೇರ್ಪಟ್ಟು ಹೊಸ ಕೋಶವಾಗುತ್ತದೆ. ಕ್ಯಾಂಡಿಡಾ ಆಲ್ಬಿಕನ್ಸ್‌ಗೆ ಇದರ ಜೊತೆಗೆ ಇನ್ನೊಂದು ರೂಪವೂ ಇದೆ. ಅನುಕೂಲ ಸನ್ನಿವೇಶದಲ್ಲಿ ಅದರ ಕೋಶವು ಬೇರ್ಪಡದೆ ಉದ್ದವಾದ ಎಳೆಯಾಗಿ ಬೆಳೆಯುತ್ತದೆ. ಈ ಎಳೆಗೆ ತಂತು ಎಂದು ಹೆಸರು. ಆರೋಗ್ಯವಂತರ ಬಾಯಿಯಲ್ಲಿ ಇದು ಹೆಚ್ಚಾಗಿ ದುಂಡು ರೂಪದಲ್ಲಿಯೂ, ರೋಗದ ಸ್ಥಿತಿಯಲ್ಲಿ ತಂತು ರೂಪದಲ್ಲಿಯೂ ಕಂಡುಬರುತ್ತದೆ.

ಇಡ್ಲಿ ಹಿಟ್ಟು, ಕಳ್ಳು ಹಾಗೂ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕಳ್ಳು ಬೆರೆಸಿ ಮಾಡುವ ಸನ್ನ ಮುಂತಾದವುಗಳಲ್ಲಿಯೂ ಯೀಸ್ಟ್‌ಗಳಿವೆ. ಇಡ್ಲಿ ಹಿಟ್ಟು ಉಬ್ಬುವುದಕ್ಕೆ ಮುಖ್ಯ ಕಾರಣ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳು. ಯೀಸ್ಟ್‌ಗಳು ಅವುಗಳೊಂದಿಗೆ ಇರುತ್ತವೆ. ಕಳ್ಳಿನ ಹುದುಗುವಿಕೆಯಲ್ಲಿ ಯೀಸ್ಟ್‌ಗಳ ಪಾತ್ರ ದೊಡ್ಡದು. ಇಡ್ಲಿ, ಸನ್ನಗಳನ್ನು ಬೇಯಿಸುವಾಗ ಇವು ಸಾಯುತ್ತವೆ. ಕಳ್ಳಿನೊಂದಿಗೆ ಒಳಹೋಗುವ ಯೀಸ್ಟ್‌ಗಳು ಬಾಯಿಯ ಮೂಲಕ ಹಾದುಹೋಗುತ್ತವೆಯೇ ಹೊರತು ಸಾಮಾನ್ಯವಾಗಿ ಅಲ್ಲಿ ನೆಲೆಸುವುದಿಲ್ಲ. ಬಾಯಿಯ ನಿವಾಸಿಗಳು ಬೇರೆ, ಆಹಾರದೊಂದಿಗೆ ಬಂದುಹೋಗುವ ಅತಿಥಿಗಳು ಬೇರೆ.

## ಅಧ್ಯಯನದ ಇತಿಹಾಸ

ಬಾಯಿಯ ಬಿಳಿ ಪೊರೆಯ ಕಾಯಿಲೆಯ ವಿವರಣೆ ಪ್ರಾಚೀನ ಗ್ರೀಸಿನ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿಯೇ ಇದೆ. ಅದಕ್ಕೆ ಕಾರಣವಾದ ಜೀವಿಯನ್ನು ಗುರುತಿಸಲು ಸೂಕ್ಷ್ಮದರ್ಶಕದ ಕಾಲ ಬರಬೇಕಾಯಿತು. 1839ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್ ಅವರು ಜ್ವರದ ರೋಗಿಯೊಬ್ಬನ ಬಿಳಿ ಪೊರೆಯಲ್ಲಿ ಶಿಲೀಂಧ್ರವನ್ನು ಕಂಡರು. ಜ್ವರಕ್ಕೆ ಆ ಶಿಲೀಂಧ್ರವೇ ಕಾರಣವೆಂದು ಅವರು ಭಾವಿಸಿದರು. ವಾಸ್ತವದಲ್ಲಿ ಜ್ವರದಿಂದ ದೇಹ ಬಳಲಿದ್ದರಿಂದ ಶಿಲೀಂಧ್ರ ಬೆಳೆದಿತ್ತು. ಕಂಡದ್ದನ್ನೆಲ್ಲ ಕಾರಣವೆಂದು ತಿಳಿಯುವ ಈ ಗೊಂದಲ ಬಾಯಿಯ ಯೀಸ್ಟ್‌ಗಳ ಅಧ್ಯಯನದಲ್ಲಿ ಮುಂದೆಯೂ ಮತ್ತೆ ಮತ್ತೆ ತಲೆದೋರಿದೆ. 1840ರ ದಶಕದಲ್ಲಿ ಸ್ವೀಡನ್ನಿನ ಫ್ರೆಡ್ರಿಕ್ ಬರ್ಗ್ ಮತ್ತು ಪ್ಯಾರಿಸ್ಸಿನಲ್ಲಿದ್ದ ಡೇವಿಡ್ ಗ್ರೂಬಿ ಅವರು ಶಿಶುಗಳ ಬಾಯಿಯ ಬಿಳಿ ಪೊರೆಗೂ ಈ ಶಿಲೀಂಧ್ರಕ್ಕೂ ಇರುವ ನೇರ ಸಂಬಂಧವನ್ನು ತೋರಿಸಿದರು.

ಈ ಜೀವಿಯ ಹೆಸರು ಹಲವು ಬಾರಿ ಬದಲಾಗಿದೆ. 1853ರಲ್ಲಿ ಫ್ರಾನ್ಸಿನ ಶಾರ್ಲ್ ಫಿಲಿಪ್ ರೋಬೆನ್ ಇದನ್ನು ಆಯ್ಡಿಯಂ ಆಲ್ಬಿಕನ್ಸ್ ಎಂದು ಕರೆದರು. 1890ರಲ್ಲಿ ವಿಲ್ಹೆಲ್ಮ್ ಝೋಫ್ ಮೊನಿಲಿಯಾ ಆಲ್ಬಿಕನ್ಸ್ ಎಂದು ಹೆಸರಿಸಿದರು. 1923ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿನ್ ಬರ್ಕ್‌ಹೌಟ್ ಕ್ಯಾಂಡಿಡಾ ಕುಲವನ್ನು ಸ್ಥಾಪಿಸಿದರು. ಲ್ಯಾಟಿನ್ ಭಾಷೆಯಲ್ಲಿ ಕುಲನಾಮ, ಪ್ರಭೇದನಾಮ ಎರಡೂ ಬಿಳುಪನ್ನೇ ಸೂಚಿಸುತ್ತವೆ. ದಕ್ಷಿಣ ಭಾರತಕ್ಕೆ ಸಮೀಪದ ಒಂದು ಕೊಂಡಿಯೂ ಈ ಇತಿಹಾಸದಲ್ಲಿದೆ: 20ನೆಯ ಶತಮಾನದ ಆರಂಭದಲ್ಲಿ ಸಿಲೋನಿನ ಕೊಲಂಬೊದಲ್ಲಿ ಕೆಲಸ ಮಾಡುತ್ತಿದ್ದ ಇಟಲಿಯ ವೈದ್ಯ ಆಲ್ಡೊ ಕಾಸ್ಟೆಲ್ಲಾನಿ ಅವರು 1910ರಲ್ಲಿ ಇಂದು ಕ್ಯಾಂಡಿಡಾ ಟ್ರಾಪಿಕಾಲಿಸ್ ಮತ್ತು ಕ್ಯಾಂಡಿಡಾ ಕ್ರುಸೈ ಎಂದು ಪ್ರಸಿದ್ಧವಾಗಿರುವ ಪ್ರಭೇದಗಳನ್ನು ವಿವರಿಸಿದರು.

1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕವನ್ನು ಪಡೆದರು. ಅವರು ದುಡಿಯುತ್ತಿದ್ದ ನ್ಯೂಯಾರ್ಕ್ ರಾಜ್ಯದ ಹೆಸರಿನಿಂದ ಔಷಧಿಗೆ ಆ ಹೆಸರು ಬಂತು. ಬಾಯಿಯ ಯೀಸ್ಟ್ ಸೋಂಕಿಗೆ ಅದು ಇಂದಿಗೂ ಬಳಕೆಯಲ್ಲಿದೆ. 1981ರಲ್ಲಿ ಅಮೆರಿಕದಲ್ಲಿ ಏಡ್ಸ್‌ನ ಮೊದಲ ವರದಿ ಪ್ರಕಟವಾದಾಗ ಅದರಲ್ಲಿದ್ದ ರೋಗಿಗಳಲ್ಲಿ ಕ್ಯಾಂಡಿಡಾ ಸೋಂಕೂ ಇತ್ತು. ಅಂದಿನಿಂದ ಬಾಯಿಯ ಯೀಸ್ಟ್‌ಗಳ ಅಧ್ಯಯನಕ್ಕೆ ಹೊಸ ಮಹತ್ವ ಬಂದಿತು.

## ಪ್ರಮುಖ ಪ್ರಭೇದಗಳು

ಆರೋಗ್ಯವಂತರ ಬಾಯಿಯಿಂದ ಪ್ರಯೋಗಾಲಯದಲ್ಲಿ ಬೆಳೆಸಬಹುದಾದ ಯೀಸ್ಟ್‌ಗಳಲ್ಲಿ ಮುಖ್ಯವಾದವು ಹೀಗಿವೆ:

* ಕ್ಯಾಂಡಿಡಾ ಆಲ್ಬಿಕನ್ಸ್: ಅತಿ ಸಾಮಾನ್ಯ ಪ್ರಭೇದ. ದುಂಡು ರೂಪದಿಂದ ತಂತು ರೂಪಕ್ಕೆ ಬದಲಾಗಬಲ್ಲದು. ಬಾಯಿಯ ಬಹುಪಾಲು ಯೀಸ್ಟ್ ಸೋಂಕುಗಳಿಗೆ ಇದೇ ಕಾರಣ.
* ಕ್ಯಾಂಡಿಡಾ ಗ್ಲಾಬ್ರಾಟಾ: ವಯಸ್ಸಾದವರಲ್ಲಿ ಮತ್ತು ಕೃತಕ ದಂತಪಂಕ್ತಿ ಧರಿಸುವವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇದು ನಿಜವಾದ ತಂತುಗಳನ್ನು ಬೆಳೆಸುವುದಿಲ್ಲ. ಫ್ಲುಕೊನಜೋಲ್ ಎಂಬ ಔಷಧಿಗೆ ಇದರ ಸ್ಪಂದನೆ ಕಡಿಮೆ. ಇತ್ತೀಚಿನ ವರ್ಗೀಕರಣದಲ್ಲಿ ಇದನ್ನು ಬೇರೊಂದು ಕುಲಕ್ಕೆ ಸೇರಿಸಲಾಗಿದೆ.
* ಕ್ಯಾಂಡಿಡಾ ಟ್ರಾಪಿಕಾಲಿಸ್: ಉಷ್ಣವಲಯದ ದೇಶಗಳ ಅಧ್ಯಯನಗಳಲ್ಲಿ ಆಲ್ಬಿಕನ್ಸ್‌ನ ನಂತರದ ಸ್ಥಾನದಲ್ಲಿ ಅನೇಕ ಬಾರಿ ಕಾಣಿಸಿಕೊಳ್ಳುತ್ತದೆ.
* ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್: ಚರ್ಮ ಮತ್ತು ಕೈಗಳ ಮೇಲೂ ಸಾಮಾನ್ಯ.
* ಕ್ಯಾಂಡಿಡಾ ಕ್ರುಸೈ: ಹುಟ್ಟಿನಿಂದಲೇ ಫ್ಲುಕೊನಜೋಲ್‌ಗೆ ನಿರೋಧಕತೆ ಹೊಂದಿದೆ.
* ಕ್ಯಾಂಡಿಡಾ ಡಬ್ಲಿನೆನ್ಸಿಸ್: 1995ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾಯಿತು. ಅದಕ್ಕೆ ಮೊದಲು ಇದನ್ನು ಆಲ್ಬಿಕನ್ಸ್ ಎಂದೇ ತಿಳಿಯಲಾಗುತ್ತಿತ್ತು.

ಇವುಗಳ ಹೊರತಾಗಿ ಬೇಕರಿಯ ಯೀಸ್ಟ್ ಆದ ಸ್ಯಾಕರೋಮೈಸಿಸ್, ಕೆಂಪು ಬಣ್ಣದ ರೋಡೊಟೊರುಲಾ ಮೊದಲಾದವು ಆಗಾಗ ಸಿಗುತ್ತವೆ. 2010ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ 20 ಮಂದಿ ಆರೋಗ್ಯವಂತರ ಬಾಯಿಯ ಶಿಲೀಂಧ್ರಗಳನ್ನು ಡಿಎನ್ಎ ಆಧಾರದಲ್ಲಿ ಪರಿಶೀಲಿಸಲಾಯಿತು. ಅವರಲ್ಲಿ 75 ಶೇಕಡಾ ಮಂದಿಯಲ್ಲಿ ಕ್ಯಾಂಡಿಡಾ ಇತ್ತು. ಒಟ್ಟಾರೆ 80ಕ್ಕೂ ಹೆಚ್ಚು ಶಿಲೀಂಧ್ರ ಕುಲಗಳ ಗುರುತುಗಳು ದೊರೆತವು. ಆದರೆ ಡಿಎನ್ಎ ಸಿಕ್ಕಿದ ಮಾತ್ರಕ್ಕೆ ಆ ಜೀವಿ ಅಲ್ಲಿಯೇ ಬದುಕುತ್ತಿದೆ ಎಂದಾಗುವುದಿಲ್ಲ. ಗಾಳಿಯಲ್ಲಿ ತೇಲಿಬಂದ ಬೂಷ್ಟಿನ ಬೀಜಕಣ, ಊಟದೊಂದಿಗೆ ಬಂದ ಸತ್ತ ಯೀಸ್ಟ್ ಕೂಡ ಇಂತಹ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುತ್ತವೆ.

## ವಾಹಕತ್ವದ ಪ್ರಮಾಣ

ವಾಹಕರ ಪ್ರಮಾಣ ಅಧ್ಯಯನದಿಂದ ಅಧ್ಯಯನಕ್ಕೆ ಬಹಳ ಬದಲಾಗುತ್ತದೆ. ಮಾದರಿ ಸಂಗ್ರಹಿಸುವ ವಿಧಾನ ಇದಕ್ಕೆ ಒಂದು ಕಾರಣ. ಹತ್ತಿಯ ಕಡ್ಡಿಯಿಂದ ಒಂದೇ ಜಾಗವನ್ನು ಒರೆಸಿದರೆ ಅಲ್ಪಸಂಖ್ಯೆಯ ಯೀಸ್ಟ್‌ಗಳು ತಪ್ಪಿಹೋಗಬಹುದು. ಬಾಯಿ ಮುಕ್ಕಳಿಸಿದ ದ್ರವವನ್ನು ಸಂಗ್ರಹಿಸಿ, ಯಂತ್ರದಲ್ಲಿ ತಿರುಗಿಸಿ ಸಾಂದ್ರಗೊಳಿಸಿದರೆ ಹೆಚ್ಚು ವಾಹಕರು ಪತ್ತೆಯಾಗುತ್ತಾರೆ. ಪರೀಕ್ಷೆಗೊಳಗಾದವರ ವಯಸ್ಸು, ಕೃತಕ ಹಲ್ಲು, ಧೂಮಪಾನ ಇವೂ ಫಲಿತಾಂಶವನ್ನು ಬದಲಿಸುತ್ತವೆ. ಆದ್ದರಿಂದ ಎರಡು ಊರುಗಳ ಅಂಕಿಗಳನ್ನು ಹೋಲಿಸುವ ಮೊದಲು ಎರಡರ ವಿಧಾನವೂ ಒಂದೇ ಆಗಿತ್ತೇ ಎಂದು ನೋಡಬೇಕು.

ಬಾಯಿಯೊಳಗೆ ನಾಲಿಗೆಯ ಮೇಲ್ಭಾಗ, ಅದರಲ್ಲೂ ಹಿಂಬದಿ, ಯೀಸ್ಟ್‌ಗಳ ಮುಖ್ಯ ನೆಲೆ. ಅಲ್ಲಿನ ಸಣ್ಣ ಸಣ್ಣ ಉಬ್ಬುಗಳ ನಡುವಿನ ಸಂದುಗಳು ಅವುಗಳಿಗೆ ಆಶ್ರಯ ನೀಡುತ್ತವೆ. ನಂತರದ ಸ್ಥಾನ ಅಂಗುಳ ಮತ್ತು ಕೆನ್ನೆಯ ಒಳಪದರಕ್ಕೆ. ಒಂದು ಮಿಲಿಲೀಟರ್ ಲಾಲಾರಸದಲ್ಲಿ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಇದ್ದರೆ, ಆರೋಗ್ಯವಂತ ವಾಹಕರಲ್ಲಿ ಯೀಸ್ಟ್‌ಗಳು ಸಾಮಾನ್ಯವಾಗಿ ಕೆಲವು ನೂರರ ಮಟ್ಟದಲ್ಲಿರುತ್ತವೆ. 1980ರ ಒಂದು ಅಧ್ಯಯನವು ಮಿಲಿಲೀಟರ್‌ಗೆ 400 ಎಂಬ ಅಂಕಿಯನ್ನು ವಾಹಕತ್ವ ಮತ್ತು ರೋಗದ ನಡುವಿನ ಅಂದಾಜು ಗೆರೆಯಾಗಿ ಸೂಚಿಸಿತು. ಇದು ನೆರವಾಗುವ ಸೂಚಕವೇ ಹೊರತು ತೀರ್ಪಲ್ಲ. ಹೆಚ್ಚು ಯೀಸ್ಟ್ ಇದ್ದೂ ಆರೋಗ್ಯವಾಗಿರುವವರಿದ್ದಾರೆ.

## ಬಾಯಿಗೆ ಬರುವ ಬಗೆ

ಗರ್ಭದಲ್ಲಿರುವ ಆರೋಗ್ಯವಂತ ಶಿಶುವಿನ ಬಾಯಿಯಲ್ಲಿ ಯೀಸ್ಟ್ ನೆಲೆಸಿರುವುದಿಲ್ಲ. ಹೆರಿಗೆಯ ಸಮಯದಲ್ಲಿ ತಾಯಿಯ ಜನನ ಮಾರ್ಗದಿಂದ, ಆನಂತರ ಎತ್ತಿಕೊಳ್ಳುವವರ ಕೈಗಳಿಂದ, ತಾಯಿಯ ಮೊಲೆತೊಟ್ಟಿನಿಂದ, ಬಾಟಲಿಯ ರಬ್ಬರಿನಿಂದ ಅದು ಶಿಶುವಿಗೆ ತಲುಪುತ್ತದೆ. ಮೊದಲ ಕೆಲವು ವಾರ ಮತ್ತು ತಿಂಗಳುಗಳಲ್ಲಿ ವಾಹಕ ಶಿಶುಗಳ ಸಂಖ್ಯೆ ಏರುತ್ತದೆ, ಬಾಲ್ಯದಲ್ಲಿ ಇಳಿಯುತ್ತದೆ, ಇಳಿವಯಸ್ಸಿನಲ್ಲಿ ಮತ್ತೆ ಏರುತ್ತದೆ. ಒಂದೇ ಮನೆಯ ಸದಸ್ಯರಲ್ಲಿ ಒಂದೇ ತಳಿಯ ಯೀಸ್ಟ್ ಕಂಡುಬರುವುದುಂಟು. ಒಮ್ಮೆ ನೆಲೆಸಿದ ತಳಿ ಕೆಲವರಲ್ಲಿ ದೀರ್ಘಕಾಲ ಉಳಿಯುತ್ತದೆ, ಇನ್ನು ಕೆಲವರಲ್ಲಿ ಬಂದು ಹೋಗುತ್ತಿರುತ್ತದೆ.

ಕ್ಯಾಂಡಿಡಾ ಆಲ್ಬಿಕನ್ಸ್‌ನ ಮುಖ್ಯ ನೆಲೆ ಮನುಷ್ಯ ಮತ್ತು ಇತರ ಬಿಸಿರಕ್ತದ ಪ್ರಾಣಿಗಳ ದೇಹ. ಹಳೆಯ ಓಕ್ ಮರಗಳ ತೊಗಟೆಯಲ್ಲಿಯೂ ಅದು ಬದುಕಬಲ್ಲದೆಂದು 2019ರಲ್ಲಿ ವರದಿಯಾಗಿದೆ.

## ಸಮತೋಲನ ಕಾಯುವ ಅಂಶಗಳು

ಬಾಯಿಯಲ್ಲಿ ಯೀಸ್ಟ್‌ಗಳು ಹದ್ದುಮೀರದಂತೆ ನೋಡಿಕೊಳ್ಳುವ ಹಲವು ವ್ಯವಸ್ಥೆಗಳಿವೆ. ಮೊದಲನೆಯದು ಲಾಲಾರಸ. ದಿನಕ್ಕೆ ಸುಮಾರು ಅರ್ಧ ಲೀಟರ್‌ನಿಂದ ಒಂದೂವರೆ ಲೀಟರ್‌ವರೆಗೆ ಸ್ರವಿಸುವ ಇದು ಅಂಟಿಕೊಳ್ಳದ ಕೋಶಗಳನ್ನು ನಿರಂತರವಾಗಿ ತೊಳೆದು ಹೊಟ್ಟೆಗೆ ಸಾಗಿಸುತ್ತದೆ. ಅದರಲ್ಲಿರುವ ಹಿಸ್ಟಾಟಿನ್ ಎಂಬ ಸಣ್ಣ ಪ್ರೋಟೀನುಗಳು ಯೀಸ್ಟನ್ನು ಕೊಲ್ಲಬಲ್ಲವು. ಲೈಸೊಜೈಮ್ ಕೋಶಭಿತ್ತಿಯನ್ನು ಹಾನಿಗೊಳಿಸುತ್ತದೆ. ಲ್ಯಾಕ್ಟೊಫೆರಿನ್ ಯೀಸ್ಟ್‌ಗೆ ಬೇಕಾದ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ಐಜಿಎ ಎಂಬ ಪ್ರತಿಕಾಯಗಳು ಯೀಸ್ಟ್ ಒಳಪದರಕ್ಕೆ ಅಂಟದಂತೆ ತಡೆಯುತ್ತವೆ.

ಎರಡನೆಯದು ಬಾಯಿಯ ಒಳಪದರ. ಅದರ ಮೇಲ್ಮೈ ಕೋಶಗಳು ಸತತವಾಗಿ ಉದುರಿ ಹೊಸವು ಬರುವುದರಿಂದ ಅಂಟಿಕೊಂಡ ಯೀಸ್ಟ್‌ಗಳೂ ಅವುಗಳೊಂದಿಗೆ ಹೋಗುತ್ತವೆ. ಮೂರನೆಯದು ಬ್ಯಾಕ್ಟೀರಿಯಾಗಳು. ಜಾಗಕ್ಕೂ ಆಹಾರಕ್ಕೂ ಅವು ಯೀಸ್ಟ್‌ಗಳೊಂದಿಗೆ ಸ್ಪರ್ಧಿಸುತ್ತವೆ. ಎಲ್ಲ ಬ್ಯಾಕ್ಟೀರಿಯಾಗಳೂ ವಿರೋಧಿಗಳೇನಲ್ಲ. ಕೆಲವು ಸ್ಟ್ರೆಪ್ಟೊಕಾಕಸ್ ಪ್ರಭೇದಗಳು ಯೀಸ್ಟ್‌ಗಳೊಂದಿಗೆ ಅಂಟಿಕೊಂಡು ಜಂಟಿಯಾಗಿ ಹಲ್ಲಿನ ಮೇಲೆ ಜೈವಿಕ ಪೊರೆ ಕಟ್ಟುತ್ತವೆ. ಸಕ್ಕರೆ ಹೆಚ್ಚು ತಿನ್ನುವ ಮಕ್ಕಳ ಹುಳುಕು ಹಲ್ಲುಗಳಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಮತ್ತು ಕ್ಯಾಂಡಿಡಾ ಜೊತೆಯಾಗಿ ಸಿಗುವುದುಂಟು.

ನಾಲ್ಕನೆಯದು ರೋಗನಿರೋಧಕ ಕೋಶಗಳು. ಇಂಟರ್‌ಲ್ಯೂಕಿನ್-17 ಎಂಬ ಸಂದೇಶವಾಹಕ ಪ್ರೋಟೀನು ಈ ಕಾವಲಿಗೆ ಮುಖ್ಯ. ಹುಟ್ಟಿನಿಂದಲೇ ಇದರ ವ್ಯವಸ್ಥೆಯಲ್ಲಿ ದೋಷವಿರುವವರಿಗೆ ಬಾಯಿ, ಚರ್ಮ ಮತ್ತು ಉಗುರುಗಳಲ್ಲಿ ಕ್ಯಾಂಡಿಡಾ ಸೋಂಕು ಮರುಕಳಿಸುತ್ತಲೇ ಇರುತ್ತದೆ.

ಈ ಕಾವಲು ಯೀಸ್ಟನ್ನು ಪೂರ್ತಿ ನಿರ್ಮೂಲ ಮಾಡುವುದಿಲ್ಲ, ಹದ್ದಿನಲ್ಲಿಡುತ್ತದೆ. ತಂತುರೂಪ ತಾಳಿದ ಯೀಸ್ಟ್ ಕ್ಯಾಂಡಿಡಾಲೈಸಿನ್ ಎಂಬ ವಿಷವಸ್ತುವನ್ನು ಸ್ರವಿಸಿ ಒಳಪದರದ ಕೋಶಗಳಿಗೆ ಹಾನಿ ಮಾಡುತ್ತದೆಂದು 2016ರಲ್ಲಿ ತಿಳಿದುಬಂತು. ಯೀಸ್ಟ್ ದುಂಡಗಿದ್ದು ಕಡಿಮೆ ಸಂಖ್ಯೆಯಲ್ಲಿರುವಾಗ ದೇಹ ಅದನ್ನು ಸಹಿಸಿಕೊಳ್ಳುತ್ತದೆ. ತಂತುಗಳು ಹೆಚ್ಚಿ ಈ ವಸ್ತು ಸಂಗ್ರಹವಾದಾಗ ಒಳಪದರವು ಅಪಾಯವನ್ನು ಗುರುತಿಸಿ ರಕ್ಷಣಾ ಕೋಶಗಳನ್ನು ಕರೆಯುತ್ತದೆ.

## ಸಮತೋಲನ ತಪ್ಪಿಸುವ ಅಂಶಗಳು

ಯೀಸ್ಟ್‌ಗಳ ಸಂಖ್ಯೆಯನ್ನು ಹೆಚ್ಚಿಸುವ ಅಥವಾ ಸೋಂಕಿಗೆ ದಾರಿಮಾಡಿಕೊಡುವ ಪ್ರಮುಖ ಅಂಶಗಳು:

* ಕೃತಕ ದಂತಪಂಕ್ತಿ: ಅಂಗುಳಿಗೆ ಅಂಟಿಕೂರುವ ಪ್ಲಾಸ್ಟಿಕ್ ತಟ್ಟೆಯ ಕೆಳಗೆ ಲಾಲಾರಸ ಹರಿಯುವುದಿಲ್ಲ. ರಾತ್ರಿಯೂ ತೆಗೆಯದೆ ಧರಿಸುವವರಲ್ಲಿ ಅಂಗುಳ ಕೆಂಪಾಗುವುದು ಸಾಮಾನ್ಯ.
* ಬಾಯಿ ಒಣಗುವಿಕೆ: ಇಳಿವಯಸ್ಸು, ಕೆಲವು ಮಾನಸಿಕ ರೋಗದ ಮತ್ತು ಅಲರ್ಜಿಯ ಔಷಧಿಗಳು, ತಲೆ ಹಾಗೂ ಕುತ್ತಿಗೆಗೆ ನೀಡುವ ವಿಕಿರಣ ಚಿಕಿತ್ಸೆ ಇವುಗಳಿಂದ ಲಾಲಾರಸ ಕಡಿಮೆಯಾಗುತ್ತದೆ.
* ನಿಯಂತ್ರಣದಲ್ಲಿಲ್ಲದ ಮಧುಮೇಹ: ರಕ್ತದಲ್ಲಿ ಸಕ್ಕರೆ ಏರಿದಾಗ ಬಾಯಿಯ ದ್ರವದಲ್ಲಿಯೂ ಏರುತ್ತದೆ, ರಕ್ಷಣಾ ಕೋಶಗಳು ಮಂದವಾಗುತ್ತವೆ.
* ಆಂಟಿಬಯೋಟಿಕ್‌ಗಳು: ಪ್ರತಿಸ್ಪರ್ಧಿ ಬ್ಯಾಕ್ಟೀರಿಯಾಗಳು ಸತ್ತಾಗ ಯೀಸ್ಟ್‌ಗಳಿಗೆ ಜಾಗ ತೆರವಾಗುತ್ತದೆ.
* ಸ್ಟೀರಾಯ್ಡ್‌ಗಳು: ಅಸ್ತಮಾಕ್ಕೆ ಬಾಯಿಯ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡ್ ಕೂಡ ಗಂಟಲು ಮತ್ತು ಅಂಗುಳದಲ್ಲಿ ಉಳಿದು ಸ್ಥಳೀಯ ರಕ್ಷಣೆಯನ್ನು ತಗ್ಗಿಸುತ್ತದೆ.
* ಧೂಮಪಾನ, ಕಬ್ಬಿಣಾಂಶದ ಕೊರತೆ, ಎಚ್ಐವಿ ಸೋಂಕು ಮತ್ತು ಕ್ಯಾನ್ಸರ್ ಚಿಕಿತ್ಸೆ.

## ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಸಂದರ್ಭ

ಘಟ್ಟದ ಬುಡದಿಂದ ನೇತ್ರಾವತಿಯ ತಗ್ಗುಪ್ರದೇಶದವರೆಗೆ ಹರಡಿರುವ ಈ ಭಾಗದಲ್ಲಿ ಅಡಿಕೆ ಮುಖ್ಯ ಬೆಳೆ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿದೆ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗದಿಂದಾಗಿ ಶಿಲೀಂಧ್ರ ಎಂಬ ಮಾತು ಇಲ್ಲಿನ ಕೃಷಿಕರಿಗೆ ಪರಿಚಿತ. ಕೊಳೆರೋಗದ ಜೀವಿಗೂ ಬಾಯಿಯ ಯೀಸ್ಟ್‌ಗೂ ಸಂಬಂಧವಿಲ್ಲ. ಇಂದಿನ ವರ್ಗೀಕರಣದಂತೆ ಕೊಳೆರೋಗದ ಜೀವಿ ನಿಜವಾದ ಶಿಲೀಂಧ್ರವೂ ಅಲ್ಲ. ಮಳೆಗಾಲದ ತೇವದಲ್ಲಿ ಚಪ್ಪಲಿ, ಪುಸ್ತಕಗಳಿಗೆ ಬೂಷ್ಟು ಬರುವಂತೆ ಬಾಯಿಯಲ್ಲಿ ಯೀಸ್ಟ್ ಹೆಚ್ಚುತ್ತದೆ ಎನ್ನಲೂ ಆಧಾರವಿಲ್ಲ. ಬಾಯಿ ವರ್ಷವಿಡೀ ತೇವವಾಗಿದ್ದು ಸುಮಾರು 35ರಿಂದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಇರುತ್ತದೆ. ಬಾಯಿಯ ಯೀಸ್ಟ್‌ಗಳ ಮಟ್ಟಿಗೆ ಊರಿನ ಹವೆಗಿಂತ ವ್ಯಕ್ತಿಯ ಅಭ್ಯಾಸ ಮತ್ತು ಆರೋಗ್ಯವೇ ಮುಖ್ಯ.

ಈ ಅಭ್ಯಾಸಗಳಲ್ಲಿ ಮೊದಲನೆಯದು ಎಲೆಯಡಿಕೆ. ವೀಳ್ಯದೆಲೆ, ಅಡಿಕೆ, ಸುಣ್ಣ ಮತ್ತು ಕೆಲವರಲ್ಲಿ ಹೊಗೆಸೊಪ್ಪು ಸೇರಿದ ತಾಂಬೂಲವು ಸತ್ಕಾರದ ಹಾಗೂ ದೈವಾರಾಧನೆಯ ಭಾಗವಾಗಿದೆ. ವೀಳ್ಯದೆಲೆಯ ತೈಲಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆಯೆಂದು ಪ್ರಯೋಗಾಲಯದಲ್ಲಿ ತಿಳಿದುಬಂದಿದೆ. ಆದರೆ ಗಾಜಿನ ತಟ್ಟೆಯಲ್ಲಿ ಕಂಡ ಈ ಗುಣದಿಂದ ತಾಂಬೂಲ ಬಾಯಿಗೆ ಹಿತವೆಂದು ತೀರ್ಮಾನಿಸುವಂತಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಸೇರಿಸಿ, ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆ ಅಗಿಯುವವರಲ್ಲಿ ಬಾಯಿಯ ಒಳಪದರ ಗಡುಸಾಗಿ, ಖಾರ ಸಹಿಸಲಾಗದೆ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುವ ಸ್ಥಿತಿಯೂ ಉಂಟಾಗುತ್ತದೆ. ಇದು ಯೀಸ್ಟ್‌ನ ರೋಗವಲ್ಲ.

ಎರಡನೆಯದು ಬೀಡಿ. ದಕ್ಷಿಣ ಕನ್ನಡದ ಅಸಂಖ್ಯಾತ ಮನೆಗಳಲ್ಲಿ ಮಹಿಳೆಯರು ಬೀಡಿ ಕಟ್ಟಿ ಸಂಸಾರ ಸಾಗಿಸಿದ್ದಾರೆ. ಬಾಯಿಯ ಯೀಸ್ಟ್‌ಗಳ ವಿಷಯದಲ್ಲಿ ಮುಖ್ಯವಾಗುವುದು ಬೀಡಿ ಸೇದುವುದು. ಹೊಗೆಯು ಒಳಪದರವನ್ನು ದಪ್ಪಗೊಳಿಸಿ, ಸ್ಥಳೀಯ ರಕ್ಷಣೆಯನ್ನು ಕುಗ್ಗಿಸುತ್ತದೆ. ಧೂಮಪಾನಿಗಳಲ್ಲಿ ವಾಹಕತ್ವ ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿದರೆ ಕೆಲವು ಅಂತಹ ವ್ಯತ್ಯಾಸವನ್ನು ಕಂಡಿಲ್ಲ. ಕೆನ್ನೆಯ ಒಳಬದಿಯಲ್ಲಿ, ತುಟಿಗಳು ಸೇರುವ ಮೂಲೆಯ ಬಳಿ ಉಂಟಾಗುವ, ಕ್ಯಾಂಡಿಡಾ ತಂತುಗಳು ಒಳಹೊಕ್ಕ ಗಟ್ಟಿ ಬಿಳಿ ಕಲೆ ಮಾತ್ರ ಹೆಚ್ಚಾಗಿ ಧೂಮಪಾನಿಗಳಲ್ಲೇ ಕಾಣುತ್ತದೆ.

ಈ ಎರಡು ಅಭ್ಯಾಸಗಳಿಂದಾಗಿ ಈ ಪ್ರದೇಶದಲ್ಲಿ ಎರಡು ವಿರುದ್ಧ ಬಗೆಯ ತಪ್ಪುಗಳಿಗೆ ಅವಕಾಶವಿದೆ. ಒಂದು, ಆರೋಗ್ಯವಂತರ ಲಾಲಾರಸದಲ್ಲಿ ಯೀಸ್ಟ್ ಸಿಕ್ಕಿತೆಂದು ಅನಗತ್ಯವಾಗಿ ಔಷಧಿ ಸೇವಿಸುವುದು. ಇನ್ನೊಂದು, ಎಲೆಯಡಿಕೆ ಅಥವಾ ಬೀಡಿಯ ಅಭ್ಯಾಸವಿರುವವರು ಕೆನ್ನೆಯ ಬಿಳಿ ಕಲೆಯನ್ನು ಉಷ್ಣದಿಂದಾದದ್ದೆಂದೋ ಫಂಗಸ್ ಎಂದೋ ತಿಳಿದು ಮುಲಾಮು ಹಚ್ಚುತ್ತಾ ತಿಂಗಳುಗಳನ್ನು ಕಳೆಯುವುದು. ಎರಡನೆಯ ತಪ್ಪು ಪ್ರಾಣಕ್ಕೆ ಎರವಾಗಬಲ್ಲದು. ಒರೆಸಿದರೆ ಹೋಗದ ಬಿಳಿ ಕಲೆ ಕ್ಯಾನ್ಸರಿಗೆ ಪೂರ್ವಸ್ಥಿತಿಯಾಗಿರುವ ಸಾಧ್ಯತೆಯಿದೆ. ತಾಂಬೂಲದ ಕೆಂಪು ಬಣ್ಣ ಇಂತಹ ಕಲೆಗಳನ್ನು ಮರೆಮಾಚುವುದೂ ಉಂಟು.

## ರೋಗದ ಸ್ಥಿತಿಗಳು

ವಾಹಕತ್ವವು ರೋಗವಾಗಿ ಬದಲಾದಾಗ ಬಾಯಿಯಲ್ಲಿ ಕಾಣುವ ರೂಪಗಳು ಹಲವು. ಹಾಲಿನ ಕೆನೆ ಅಥವಾ ಮೊಸರಿನ ಗಟ್ಟಿಯಂತೆ ಕಾಣುವ ಬಿಳಿ ಪೊರೆ ಎಲ್ಲಕ್ಕಿಂತ ಪರಿಚಿತವಾದುದು. ಹತ್ತಿ ಬಟ್ಟೆಯಿಂದ ಒರೆಸಿದರೆ ಅದು ಎದ್ದುಬಂದು ಕೆಳಗೆ ಕೆಂಪಾದ ಒಳಪದರ ಕಾಣುತ್ತದೆ. ಶಿಶುಗಳಲ್ಲಿ, ವೃದ್ಧರಲ್ಲಿ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಸಾಮಾನ್ಯ. ಕೆಲವೊಮ್ಮೆ ಬಿಳಿ ಪೊರೆಯಿಲ್ಲದೆ ನಾಲಿಗೆ ಅಥವಾ ಅಂಗುಳ ಬರೀ ಕೆಂಪಾಗಿ ಉರಿಯುತ್ತದೆ. ತುಟಿಗಳ ಎರಡೂ ಮೂಲೆಗಳಲ್ಲಿ ಬಿರುಕು ಬಿಡುವುದು ಇನ್ನೊಂದು ರೂಪ. ಇದಕ್ಕೆ ಬ್ಯಾಕ್ಟೀರಿಯಾ ಮತ್ತು ಪೋಷಕಾಂಶಗಳ ಕೊರತೆಯೂ ಕಾರಣವಾಗಬಹುದು.

ಹಾಲು ಕುಡಿದ ಶಿಶುವಿನ ನಾಲಿಗೆಯ ಮೇಲಿನ ಬಿಳಿ ಲೇಪವೆಲ್ಲ ಯೀಸ್ಟ್ ಅಲ್ಲ. ಹಾಲಿನ ಲೇಪ ಸುಲಭವಾಗಿ ಒರೆಸಿ ಹೋಗುತ್ತದೆ ಮತ್ತು ನಾಲಿಗೆಗೆ ಸೀಮಿತವಾಗಿರುತ್ತದೆ. ಕೆನ್ನೆ, ತುಟಿಯ ಒಳಬದಿಗೂ ಹರಡಿದ, ಮಗು ಹಾಲು ಕುಡಿಯಲು ಹಿಂಜರಿಯುವಂತೆ ಮಾಡುವ ಪೊರೆಯಾದರೆ ವೈದ್ಯರಿಗೆ ತೋರಿಸಬೇಕು. ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಜೇನು ಹಚ್ಚುವುದು ಸಲ್ಲದು. ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುವಿಗೆ ಅಪಾಯಕಾರಿ.

ಬೇರಾವ ಕಾರಣವೂ ಕಾಣದ ವಯಸ್ಕನ ಬಾಯಿಯಲ್ಲಿ ಬಿಳಿ ಪೊರೆ ಕಾಣಿಸಿಕೊಂಡರೆ ಅದು ಒಳಗಿನ ಇನ್ನೊಂದು ಸ್ಥಿತಿಯ ಸೂಚನೆಯಾಗಿರಬಹುದು. ಅಂತಹವರಲ್ಲಿ ರಕ್ತದ ಸಕ್ಕರೆ, ಹಿಮೋಗ್ಲೋಬಿನ್ ಮತ್ತು ಎಚ್ಐವಿ ಪರೀಕ್ಷೆಗಳನ್ನು ವೈದ್ಯರು ಸೂಚಿಸುತ್ತಾರೆ. ಪೊರೆಗೆ ಮಾತ್ರ ಔಷಧಿ ಹಚ್ಚಿ ಕಾರಣವನ್ನು ಹುಡುಕದಿದ್ದರೆ ಸೋಂಕು ಮರುಕಳಿಸುತ್ತದೆ.

## ಪತ್ತೆಹಚ್ಚುವ ವಿಧಾನಗಳು

ಮಾದರಿಯನ್ನು ಸಬೂರೋ ಡೆಕ್ಸ್‌ಟ್ರೋಸ್ ಅಗರ್ ಎಂಬ ಮಾಧ್ಯಮದಲ್ಲಿ ಹಾಕಿ 37 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟರೆ ಕೆನೆಬಣ್ಣದ ನುಣುಪಾದ ಸಮೂಹಗಳು ಬೆಳೆಯುತ್ತವೆ. ಪ್ರಭೇದವನ್ನು ಗುರುತಿಸಲು ಬಣ್ಣ ಸೂಚಿಸುವ ವಿಶೇಷ ಮಾಧ್ಯಮವಿದೆ: ಅದರಲ್ಲಿ ಆಲ್ಬಿಕನ್ಸ್ ಹಸಿರಾಗಿಯೂ, ಟ್ರಾಪಿಕಾಲಿಸ್ ನೀಲಿಯಾಗಿಯೂ, ಕ್ರುಸೈ ಗುಲಾಬಿ ಬಣ್ಣದಲ್ಲಿಯೂ ಬೆಳೆಯುತ್ತವೆ. ಆಲ್ಬಿಕನ್ಸ್‌ಗೆ ಸರಳವಾದ ಇನ್ನೊಂದು ಪರೀಕ್ಷೆಯಿದೆ. ಯೀಸ್ಟನ್ನು ರಕ್ತದ ಸೀರಮ್‌ನಲ್ಲಿ 37 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ ಇಟ್ಟರೆ ಕೋಶದಿಂದ ಸಣ್ಣ ನಳಿಕೆ ಹೊರಡುತ್ತದೆ. ಡಬ್ಲಿನೆನ್ಸಿಸ್ ಕೂಡ ಇದೇ ಲಕ್ಷಣ ತೋರುವುದರಿಂದ ಖಚಿತ ಗುರುತಿಸುವಿಕೆಗೆ ಡಿಎನ್ಎ ಅಥವಾ ಪ್ರೋಟೀನ್ ಆಧಾರಿತ ವಿಧಾನಗಳು ಬೇಕು. ಇಂತಹ ಪರೀಕ್ಷೆಗಳು ಮುಖ್ಯವಾಗಿ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳ ಸೂಕ್ಷ್ಮಜೀವಶಾಸ್ತ್ರ ವಿಭಾಗಗಳಲ್ಲಿ ನಡೆಯುತ್ತವೆ.

ಕೃಷಿಕೆಯ ವರದಿಯಲ್ಲಿ ಕ್ಯಾಂಡಿಡಾ ಬೆಳೆದಿದೆ ಎಂದಿದ್ದರೆ, ಮಾದರಿ ತೆಗೆದ ಜಾಗದಲ್ಲಿ ಯೀಸ್ಟ್ ಇತ್ತೆಂದಷ್ಟೇ ಅದರ ಅರ್ಥ. ರೋಗವೆಂದು ನಿರ್ಧರಿಸಲು ಬಾಯಿಯಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಇರಬೇಕು. ಅಲ್ಲಿಂದ ಕೆರೆದು ತೆಗೆದ ಅಂಶದಲ್ಲಿ ತಂತುಗಳು ಕಂಡರೆ ನಿರ್ಧಾರಕ್ಕೆ ಬಲ ಬರುತ್ತದೆ. ಒರೆಸಿದರೆ ಹೋಗದ ಕಲೆಯಿಂದ ಸಣ್ಣ ತುಣುಕು ತೆಗೆದು ಪರೀಕ್ಷಿಸಬೇಕಾಗಬಹುದು. ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಮಧುಮೇಹ, ರಕ್ತದೊತ್ತಡಗಳೊಂದಿಗೆ ಬಾಯಿ ಕ್ಯಾನ್ಸರ್ ತಪಾಸಣೆಯನ್ನೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಸಲಾಗುತ್ತದೆ.

## ಚಿಕಿತ್ಸೆ ಮತ್ತು ಆರೈಕೆ

ಆರೋಗ್ಯವಂತ ವಾಹಕರಿಗೆ ಚಿಕಿತ್ಸೆಯ ಅಗತ್ಯವಿಲ್ಲ. ಔಷಧಿಯಿಂದ ಯೀಸ್ಟ್ ತಾತ್ಕಾಲಿಕವಾಗಿ ಕಡಿಮೆಯಾದರೂ ಮತ್ತೆ ಬರುತ್ತದೆ. ಪದೇ ಪದೇ ಬಳಸಿದರೆ ಔಷಧಿಗೆ ಮಣಿಯದ ಗ್ಲಾಬ್ರಾಟಾ, ಕ್ರುಸೈಗಳಂತಹ ಪ್ರಭೇದಗಳು ಮೇಲುಗೈ ಸಾಧಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ, ಆದ್ಯತೆಯ ಮೇಲೆ ಗಮನಿಸಬೇಕಾದ ಶಿಲೀಂಧ್ರಗಳ ಪಟ್ಟಿಯಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಅತ್ಯುನ್ನತ ಗುಂಪಿನಲ್ಲಿದೆ. ಆಸ್ಪತ್ರೆಯಲ್ಲಿರುವ ತೀವ್ರ ರೋಗಿಗಳ ರಕ್ತಕ್ಕೆ ಅದು ಸೇರಿದಾಗ ಆಗುವ ಅಪಾಯ ಇದಕ್ಕೆ ಕಾರಣ. ಆರೋಗ್ಯವಂತರ ಬಾಯಿಯಲ್ಲಿ ಅದರ ಇರುವಿಕೆಯನ್ನು ಕಂಡು ಭಯಪಡಬೇಕೆಂಬುದು ಇದರ ಅರ್ಥವಲ್ಲ.

ಸೋಂಕು ಖಚಿತವಾದಾಗ ನಿಸ್ಟಾಟಿನ್ ಅಥವಾ ಕ್ಲೋಟ್ರಿಮಜೋಲ್‌ನಂತಹ ಬಾಯಿಗೆ ಹಚ್ಚುವ ಔಷಧಿಗಳನ್ನು, ಅಗತ್ಯವಿದ್ದರೆ ಫ್ಲುಕೊನಜೋಲ್ ಗುಳಿಗೆಗಳನ್ನು ವೈದ್ಯರ ಸಲಹೆಯಂತೆ ಬಳಸಲಾಗುತ್ತದೆ. ಫ್ಲುಕೊನಜೋಲ್ ಇತರ ಹಲವು ಔಷಧಿಗಳೊಂದಿಗೆ ಪ್ರತಿಕ್ರಿಯಿಸುವುದರಿಂದ ಸ್ವಯಂ ಚಿಕಿತ್ಸೆ ಅಪಾಯಕಾರಿ.

ಸಮತೋಲನವನ್ನು ಕಾಪಾಡುವ ಕ್ರಮಗಳು ಸರಳವಾದವು. ದಿನಕ್ಕೆರಡು ಬಾರಿ ಹಲ್ಲುಜ್ಜುವುದು, ನಾಲಿಗೆಯನ್ನು ಮೃದುವಾಗಿ ಶುಚಿಗೊಳಿಸುವುದು, ಸಾಕಷ್ಟು ನೀರು ಕುಡಿಯುವುದು ಎಲ್ಲರಿಗೂ ಹಿತ. ಕೃತಕ ದಂತಪಂಕ್ತಿಯನ್ನು ರಾತ್ರಿ ತೆಗೆದು, ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿಡಬೇಕು. ಅಸ್ತಮಾಕ್ಕೆ ಸ್ಟೀರಾಯ್ಡ್ ಎಳೆದುಕೊಂಡ ಬಳಿಕ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಬೇಕು. ಮಧುಮೇಹಿಗಳು ಸಕ್ಕರೆಯ ಪ್ರಮಾಣವನ್ನು ನಿಯಂತ್ರಣದಲ್ಲಿಟ್ಟುಕೊಳ್ಳಬೇಕು. ಎಲೆಯಡಿಕೆ, ಹೊಗೆಸೊಪ್ಪು, ಬೀಡಿಗಳನ್ನು ಬಿಡುವುದು ಯೀಸ್ಟ್‌ಗಿಂತಲೂ ದೊಡ್ಡ ಅಪಾಯದಿಂದ ಬಾಯಿಯನ್ನು ರಕ್ಷಿಸುತ್ತದೆ. ಎರಡು ವಾರಗಳಲ್ಲಿ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಕಲೆ, ನುಂಗುವಾಗ ನೋವು, ಬಾಯಿ ತೆರೆಯಲು ಕಷ್ಟ ಇವುಗಳಲ್ಲಿ ಯಾವುದು ಕಂಡರೂ ದಂತವೈದ್ಯರನ್ನು ಕಾಣಬೇಕು.

## ಇವನ್ನೂ ನೋಡಿ

* ಶಿಲೀಂಧ್ರ
* ಯೀಸ್ಟ್
* ಲಾಲಾರಸ
* ಬಾಯಿ ಕ್ಯಾನ್ಸರ್
* ಅಡಿಕೆ
* ದಕ್ಷಿಣ ಕನ್ನಡ